ಹುಷಾರಿಲ್ಲ ಎಂದ ಮೇಲೆ

ನೆಗಡಿಯಾದರೂ ‘ಹುಷಾರಿಲ್ಲ’, ಮೂತ್ರಪಿಂಡ ಕೈಕೊಟ್ಟರೂ ‘ಹುಷಾರಿಲ್ಲ’. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಮನೆಯವರಿಗೆ ಅಷ್ಟು ಸಾಕು, ಮಿಕ್ಕದ್ದನ್ನು ಅವರು ಮುಖ ನೋಡಿ ತಿಳಿದುಕೊಳ್ಳುತ್ತಾರೆ. ಆದರೆ ಹತ್ತಾರು ಜನರ ಕೆಲಸ ಒಬ್ಬರ ಸಹಿಗಾಗಿ ಕಾದಿರುವ ಕಡೆ ಅಷ್ಟು ಸಾಲದು. ಅಲ್ಲಿ ಹಿರಿಯರು ಏನು ಹೇಳಬೇಕು, ಎಷ್ಟು ಹೇಳಬೇಕು? ಅರುಣ್ ಜೇಟ್ಲಿಯವರ ಕೊನೆಯ ಹದಿನಾರು ತಿಂಗಳು ಈ ಪ್ರಶ್ನೆಯನ್ನು ಎರಡು ಸಲ ಎದುರಿಸಿದವು.

ಮೊದಲನೆಯದು 2018ರ ಏಪ್ರಿಲ್ 5. ಮೂತ್ರಪಿಂಡದ ತೊಂದರೆಗೆ ಚಿಕಿತ್ಸೆ ನಡೆಯುತ್ತಿದೆ, ಸೋಂಕೂ ಇದೆ, ಸದ್ಯ ಮನೆಯಿಂದಲೇ ಕೆಲಸ ಎಂದು ಹಣಕಾಸು ಸಚಿವರಾಗಿದ್ದ ಅವರು ಟ್ವಿಟರ್‌ನಲ್ಲಿ ಬರೆದರು. ಮುಚ್ಚುಮರೆ ಇರಲಿಲ್ಲ. ಮೇ 14ರಂದು ದೆಹಲಿಯ ಏಮ್ಸ್‌ನಲ್ಲಿ ಮೂತ್ರಪಿಂಡ ಕಸಿ ಆಯಿತು. ಅದೇ ದಿನ ಖಾತೆಯ ಹೊಣೆ ಪೀಯೂಷ್ ಗೋಯಲ್ ಅವರಿಗೆ ಹೋಯಿತು. ಕಸಿಯಾದವರು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳಲೇಬೇಕು. ಹಾಗಾಗಿ ಆರಂಭದಲ್ಲಿ ಜನಸಂದಣಿಯಿಂದ ದೂರವಿರಬೇಕಾಗುತ್ತದೆ. ಜೇಟ್ಲಿ ಖಾತೆಯಿಲ್ಲದ ಮಂತ್ರಿಯಾಗಿ ಮನೆಯಲ್ಲಿ ಉಳಿದರು. ಆದರೆ ಸುಮ್ಮನಿರಲಿಲ್ಲ. ಅರ್ಥವ್ಯವಸ್ಥೆಯ ಬಗ್ಗೆ ಬರೆದರು, ವಿಡಿಯೊ ಮೂಲಕ ಮಾತನಾಡಿದರು. ‘ಹಾಗಾದರೆ ದೇಶದ ಹಣಕಾಸು ಸಚಿವರು ಯಾರು?’ ಎಂದು ವಿರೋಧ ಪಕ್ಷದವರು ಕೇಳತೊಡಗಿದರು. ಆಗಸ್ಟ್ 23ರಂದು ಅವರು ಮತ್ತೆ ಅಧಿಕಾರ ವಹಿಸಿಕೊಂಡರು. 2019ರ ಜನವರಿಯಲ್ಲಿ ಚಿಕಿತ್ಸೆಗೆಂದು ಅಮೆರಿಕಕ್ಕೆ ಹೋದಾಗ ಹೊಣೆ ಮತ್ತೆ ಗೋಯಲ್ ಪಾಲಿಗೆ ಬಂತು. ಫೆಬ್ರವರಿ 1ರ ಮಧ್ಯಂತರ ಬಜೆಟ್ ಓದಿದವರೂ ಅವರೇ.

ಎರಡನೆಯದು 2019ರ ಮೇ 29. ಚುನಾವಣೆ ಗೆದ್ದಾಗಿತ್ತು, ಮರುದಿನ ಪ್ರಮಾಣವಚನ. ಜೇಟ್ಲಿ ಪ್ರಧಾನಿಗೆ ಪತ್ರ ಬರೆದು ಅದನ್ನು ಎಲ್ಲರ ಮುಂದಿಟ್ಟರು. ಹದಿನೆಂಟು ತಿಂಗಳಿಂದ ಗಂಭೀರ ಅನಾರೋಗ್ಯ ಕಾಡಿದೆ, ತನಗಾಗಿ, ಚಿಕಿತ್ಸೆಗಾಗಿ ಸ್ವಲ್ಪ ಕಾಲ ಬೇಕು, ಸದ್ಯಕ್ಕೆ ಹೊಸ ಸರ್ಕಾರದಲ್ಲಿ ಯಾವ ಹೊಣೆಯೂ ಬೇಡ ಎಂಬುದು ಅದರ ಸಾರ. ಕಾಯಿಲೆಯ ಹೆಸರು ಅದರಲ್ಲಿಲ್ಲ. ಅಂದು ಸಂಜೆ ಪ್ರಧಾನಿ ಅವರ ಮನೆಗೇ ಹೋದರು. ಪತ್ರದ ಮಾತು ಮಾತ್ರ ಬದಲಾಗಲಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲ ಸಲ ಕಾಯಿಲೆ ಎಲ್ಲರಿಗೂ ಗೊತ್ತಿತ್ತು, ಕುರ್ಚಿ ಯಾರದೆಂಬುದು ಗೊಂದಲವಾಗಿತ್ತು. ಎರಡನೆಯ ಸಲ ಕಾಯಿಲೆಯ ವಿವರ ಅವರಲ್ಲೇ ಉಳಿಯಿತು, ಕುರ್ಚಿ ಖಾಲಿಯೆಂಬುದು ಸ್ಪಷ್ಟವಾಯಿತು. ಜೊತೆಯವರಿಗೆ ಬೇಕಿರುವುದು ರೋಗದ ವರದಿಯಲ್ಲ, ನಾಳೆ ಯಾರ ಬಳಿ ಹೋಗಬೇಕು ಎಂಬ ಉತ್ತರ. ರೋಗದ ಹೆಸರನ್ನು ಹೇಳುವುದೋ ಬಿಡುವುದೋ ರೋಗಿಗೆ ಬಿಟ್ಟದ್ದು. ಈ ಉತ್ತರ ಕೊಡುವುದು ಮಾತ್ರ ಹೊಣೆ ಹೊತ್ತವರ ಕರ್ತವ್ಯ.

ಆ ಕರ್ತವ್ಯ ಹಗುರದ್ದಲ್ಲ. ‘ಏನಾದರೂ ಇದ್ದರೆ ಫೋನ್ ಮಾಡಿ’ ಎಂದು ಆಸ್ಪತ್ರೆಯ ಮಂಚದಿಂದಲೂ ಹೇಳುವ ಹಿರಿಯರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಅದರಲ್ಲಿ ಕೆಲಸದ ಮೇಲಿನ ಪ್ರೀತಿಯೂ ಇದೆ, ತಾನಿಲ್ಲದೆಯೂ ಎಲ್ಲ ನಡೆದುಬಿಟ್ಟರೆ ಎಂಬ ಅಳುಕೂ ಇದೆ. ಜೇಟ್ಲಿಯವರ ಪತ್ರದಲ್ಲೂ ಸರ್ಕಾರಕ್ಕೋ ಪಕ್ಷಕ್ಕೋ ಅನೌಪಚಾರಿಕವಾಗಿ ನೆರವಾಗುವ ಮಾತೊಂದು ಇತ್ತು. ಮನಸ್ಸು ಪೂರ್ತಿ ಎದ್ದು ಬಂದಿರಲಿಕ್ಕಿಲ್ಲ. ಆದರೂ ಕುರ್ಚಿ ಬಿಟ್ಟರು.

ಖಾತೆ ಆಗ ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ನಿರ್ಮಲಾ ಸೀತಾರಾಮನ್ ಅವರಿಗೆ ಬಂತು. ಜುಲೈ 5ರಂದು ಅವರು ಬಜೆಟ್ ಮಂಡಿಸಿದರು. ಆಗಸ್ಟ್ 24ರಂದು ಜೇಟ್ಲಿ ತೀರಿಕೊಂಡರು. ಕೇಳಿಕೊಂಡ ಬಿಡುವಿನಲ್ಲಿ ಅವರಿಗೆ ಸಿಕ್ಕಿದ್ದು ಮೂರು ತಿಂಗಳಿಗೂ ಕಡಿಮೆ. ಆದರೆ ಆ ದಿನಗಳಲ್ಲಿ ಹಣಕಾಸು ಸಚಿವರು ಯಾರೆಂದು ಯಾರೂ ಕೇಳಬೇಕಾಗಿ ಬರಲಿಲ್ಲ.