ನಂದಿಯ ತಪ್ಪಲಿನಿಂದ ದೈವಗಳ ನಾಡಿಗೆ

ನಂದಿಯ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಮೊದಲಾದ ನದಿಗಳು ಹುಟ್ಟುತ್ತವೆ. ಆದರೂ ಸುತ್ತಣ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿ ಹಿಪ್ಪುನೇರಳೆ, ದ್ರಾಕ್ಷಿ, ರಾಗಿ ಬೆಳೆಯುವ ಈ ಸೀಮೆಯ ಜನಕ್ಕೆ ಪಶ್ಚಿಮದ ಕರಾವಳಿಯೆಂದರೆ ಬಹುಕಾಲದಿಂದಲೂ ಎರಡೇ ಹೆಸರು: ಒಂದು ಧರ್ಮಸ್ಥಳ, ಇನ್ನೊಂದು ಸುಬ್ರಹ್ಮಣ್ಯ. ಹರಕೆ ಹೊತ್ತು ಹೋಗುವುದು, ಮುಡಿ ಕೊಡುವುದು, ಅನ್ನಪ್ರಸಾದ ಸ್ವೀಕರಿಸಿ ರಾತ್ರಿಯ ಬಸ್ಸಿಗೆ ಮರಳುವುದು, ಇಷ್ಟೇ ನಮ್ಮ ಯಾತ್ರೆಯ ಕ್ರಮವಾಗಿತ್ತು. ಆ ಹಸಿರಿನ ನಡುವೆ ಮನೆಮನೆಗೂ ಒಂದು ದೈವವಿದೆ, ಊರೂರಿಗೂ ಒಂದು ದೈವಸ್ಥಾನವಿದೆ ಎಂಬ ಸಂಗತಿ ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಿಲ್ಲ.

೨೦೨೨ರ ಸೆಪ್ಟೆಂಬರ್ ೩೦ರಂದು ತೆರೆಕಂಡ 'ಕಾಂತಾರ' ಚಲನಚಿತ್ರವು ಈ ಸ್ಥಿತಿಯನ್ನು ಬದಲಿಸಿತು. ರಿಷಬ್ ಶೆಟ್ಟಿಯವರು ಬರೆದು, ನಿರ್ದೇಶಿಸಿ, ನಟಿಸಿದ ಈ ಚಿತ್ರದ ಬಹುಭಾಗ ಅವರ ಹುಟ್ಟೂರಾದ ಕುಂದಾಪುರ ಸೀಮೆಯ ಕೆರಾಡಿಯಲ್ಲಿ ಚಿತ್ರಣಗೊಂಡಿತು. ಅಕ್ಟೋಬರ್ ಮಧ್ಯದಲ್ಲಿ ಅದು ಹಿಂದಿ, ತೆಲುಗು ಭಾಷೆಗಳಲ್ಲಿಯೂ ಬಂದಿತು. ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಆಡುವ ನಮ್ಮ ಸೀಮೆಯಲ್ಲಿ ಮನೆಯ ಹಿರಿಯರು ಒಂದು ಭಾಷೆಯಲ್ಲಿ, ಮಕ್ಕಳು ಇನ್ನೊಂದು ಭಾಷೆಯಲ್ಲಿ ಅದನ್ನು ನೋಡಿದರು. ೨೦೨೪ರಲ್ಲಿ ಪ್ರಕಟವಾದ ೭೦ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ರಿಷಬ್ ಶೆಟ್ಟಿಯವರಿಗೆ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು. ೨೦೨೫ರ ಅಕ್ಟೋಬರ್ ೨ರಂದು ಹಿಂದಣ ಕಥೆಯನ್ನು ಹೇಳುವ ಇನ್ನೊಂದು ಚಿತ್ರವೂ ಬಂದಿತು. ಪಂಜುರ್ಲಿ, ಗುಳಿಗ ಎಂಬ ಹೆಸರುಗಳು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಮಾತುಕತೆಯಲ್ಲಿಯೂ ಕೇಳಿಬರತೊಡಗಿದವು. ಶಾಲೆಯ ವಾರ್ಷಿಕೋತ್ಸವಗಳಲ್ಲಿ, ಗಣೇಶೋತ್ಸವದ ಪೆಂಡಾಲುಗಳಲ್ಲಿ ಮುಖಕ್ಕೆ ಹಳದಿ ಬಳಿದುಕೊಂಡ ಹುಡುಗರು ಕೂಗುತ್ತ ಕುಣಿಯುವುದು ರೂಢಿಯಾಯಿತು.

ದೈವಗಳು ಕನ್ನಡದ ಕಲೆಗೆ ಹೊಸಬರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ ೧೯೩೩ರಲ್ಲಿಯೇ ಬಂದಿತು, ಬಿ.ವಿ. ಕಾರಂತರು ಅದನ್ನು ೧೯೭೫ರಲ್ಲಿ ಚಿತ್ರವಾಗಿಸಿದರು. ಅಲ್ಲಿನ ಬಡ ಚೋಮನು ನಂಬಿದ್ದು ಪಂಜುರ್ಲಿಯನ್ನೇ. ಓದುವ ಮಂದಿ ಅದನ್ನು ಓದಿದರು, ಮೆಚ್ಚಿದರು; ಆದರೆ ನೋಡಿದವರೆಲ್ಲ ಕುಣಿಯುವಂತೆ ಆಗಲಿಲ್ಲ. ಈ ಸಲ ಹಾಗಾಯಿತು. ಹಾಗಾದಾಗ ಮನೆಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ನಾವೇ ಅಲ್ಲವೇ? ಈ ಕಾರಣದಿಂದ ಕಳೆದ ಮಾಘಮಾಸದಲ್ಲಿ ನಮ್ಮ ನಾಲ್ಕೂ ಊರುಗಳ ಕೆಲವು ಕುಟುಂಬದವರು ಸೇರಿ, ಧರ್ಮಸ್ಥಳದ ಯಾತ್ರೆಗೆ ಎರಡು ದಿನ ಹೆಚ್ಚಿಗೆ ಸೇರಿಸಿಕೊಂಡು ಹೊರಟೆವು.

ಬೆಂಗಳೂರು, ಕುಣಿಗಲ್, ಹಾಸನ ದಾಟಿ ಸಕಲೇಶಪುರದ ಆಚೆ ಶಿರಾಡಿಯ ಘಟ್ಟ ಇಳಿಯುವಾಗ ನಮ್ಮ ಕಡೆಯ ಬಂಡೆಗುಡ್ಡಗಳು ಕಣ್ಣಿನಿಂದ ಅಳಿಸಿಹೋಗಿ ಕಾಡೇ ಕಾಡು ಸುತ್ತುವರಿಯುತ್ತದೆ. ಧರ್ಮಸ್ಥಳದಲ್ಲಿ ಶ್ರೀ ಮಂಜುನಾಥಸ್ವಾಮಿಯ ದರ್ಶನ ಮಾಡಿಕೊಂಡು, ಈ ಸಲ ಅಣ್ಣಪ್ಪ ಬೆಟ್ಟದ ಕಡೆಗೆ ನಿಧಾನವಾಗಿ ನಡೆದೆವು. ಕ್ಷೇತ್ರದ ಐತಿಹ್ಯದಂತೆ ಮೊದಲು ಇಲ್ಲಿಗೆ ಬಂದವರು ಧರ್ಮದೈವಗಳು. ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ಎಂಬ ಜೈನ ದಂಪತಿಗಳ ನೆಲ್ಯಾಡಿ ಬೀಡಿಗೆ ಅತಿಥಿಗಳಾಗಿ ಬಂದ ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿಯರು ಅಲ್ಲಿಯೇ ನೆಲೆನಿಂತರು. ಅನಂತರ ಆ ದೈವಗಳ ಆಣತಿಯಂತೆ ಅಣ್ಣಪ್ಪನು ಮಂಗಳೂರಿನ ಕದ್ರಿಯಿಂದ ಶಿವಲಿಂಗವನ್ನು ತಂದನು. ಜೈನ ಮನೆತನದ ಆಡಳಿತ, ವೈಷ್ಣವ ಅರ್ಚಕರ ಪೂಜೆ, ಶಿವನ ಸನ್ನಿಧಿ, ದೈವದ ಕಾವಲು ಇವು ಒಂದೆಡೆ ಕೂಡಿರುವ ಸ್ಥಳವಿದು. ವರ್ಷವರ್ಷವೂ ಹೋಗಿಬಂದ ನಮ್ಮ ತಂಡದ ಹಿರಿಯ ತಾಯಿಯೊಬ್ಬರು, 'ಇಷ್ಟು ದಿನ ಅಣ್ಣಪ್ಪನಿಗೆ ಕೈಮುಗಿದದ್ದುಂಟು, ಆತ ಯಾರೆಂದು ಕೇಳಿದ್ದಿಲ್ಲ' ಎಂದರು.

ಮರುದಿನ ಸಂಜೆ ಬೆಳ್ತಂಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಪರಿಚಯದವರ ಮನೆತನದ ನೇಮಕ್ಕೆ ಹೋದೆವು. ಕೋಲ, ನೇಮ ಎಂದು ಕರೆಯುವ ಈ ಸೇವೆಗಳು ದೀಪಾವಳಿಯ ಅನಂತರ ಆರಂಭವಾಗಿ, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ ನಿಲ್ಲುತ್ತವೆ. ಮಳೆಗಾಲ ಬೇಸಾಯದ ಕಾಲ. ಆಗ ದೈವಗಳಿಗೂ ವಿಶ್ರಾಂತಿ. ಬಾಗಿಲಲ್ಲಿಯೇ ಮನೆಯ ಯಜಮಾನರು ನಮ್ಮನ್ನು ಕರೆದು ಹೇಳಿದರು: 'ದೂರದಿಂದ ಬಂದಿದ್ದೀರಿ, ಸಂತೋಷ. ಕುಳಿತು ನೋಡಿ, ಊಟ ಮಾಡಿ ಹೋಗಿ. ಮೊಬೈಲು ಮಾತ್ರ ಚೀಲದೊಳಗೇ ಇರಲಿ. ಇದು ಆಟ ಅಲ್ಲ, ನೇಮ.' ಆ ಕಡೆ 'ಆಟ'ವೆಂದರೆ ಯಕ್ಷಗಾನ. ಅವರ ಆ ಒಂದು ಮಾತಿನಲ್ಲಿ ನಮಗೆ ಬೇಕಾದ ಪಾಠ ಪೂರ್ತಿಯಾಗಿ ಇದ್ದಿತು.

ನೇಮದ ಕ್ರಮವನ್ನು ಕಂಡಷ್ಟು ಇಲ್ಲಿ ತಿಳಿಸುತ್ತೇವೆ. ದೈವದ ಆಭರಣ, ಆಯುಧ, ಮೊಗಗಳನ್ನು 'ಭಂಡಾರ'ವೆನ್ನುತ್ತಾರೆ. ಅದನ್ನು ಇರಿಸಿದ ಮನೆಯಿಂದ ಮೆರವಣಿಗೆಯಲ್ಲಿ ತರುತ್ತಾರೆ. ದೈವ ಕಟ್ಟುವವರು ವ್ರತದಲ್ಲಿದ್ದು, ಎಣ್ಣೆಬೂಳ್ಯ ಸ್ವೀಕರಿಸಿ, ಮಿಂದು ಬರುತ್ತಾರೆ. ಅರದಾಳದ ಹಳದಿ ಬಣ್ಣವನ್ನು ಮುಖಕ್ಕೆ ಬಳಿದುಕೊಳ್ಳುವಾಗ ಅವರ ಮನೆಯ ಹೆಣ್ಣುಮಗಳು ತೆಂಬರೆಯೆಂಬ ಸಣ್ಣ ವಾದ್ಯವನ್ನು ಬಾರಿಸುತ್ತ ಪಾಡ್ದನ ಹೇಳುತ್ತಾಳೆ. ಪಾಡ್ದನವೆಂದರೆ ಆ ದೈವದ ಹುಟ್ಟು, ಸಂಚಾರ, ನೆಲೆಗಳ ಕಥೆ; ಬರೆದಿಟ್ಟದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು. ಎಳೆಯ ತೆಂಗಿನ ಗರಿಯ ಸಿರಿ ಸೊಂಟಕ್ಕೆ, ಅಣಿ ಬೆನ್ನಿಗೆ, ಗಗ್ಗರ ಕಾಲಿಗೆ ಬಂದ ಮೇಲೆ ಆ ವ್ಯಕ್ತಿಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗುತ್ತಿನ ಮನೆಯವರು ನಿಂತು ಅರಿಕೆ ಮಾಡಿಕೊಳ್ಳುತ್ತಾರೆ. ದೈವವು ಮನೆತನಗಳನ್ನು ಅವುಗಳ ಕ್ರಮದಂತೆ ಕರೆದು ಮಾತನಾಡಿಸುತ್ತದೆ, ವ್ಯಾಜ್ಯಗಳನ್ನು ಕೇಳುತ್ತದೆ, ನುಡಿ ಕೊಡುತ್ತದೆ. ಅಂದು ನಡುರಾತ್ರಿಯಲ್ಲಿ, ಬೇಲಿಯ ಜಗಳದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಒಟ್ಟಿಗೆ ಮುಂದೆ ಬಂದು ಗಂಧಪ್ರಸಾದ ತೆಗೆದುಕೊಂಡದ್ದನ್ನು ನಾವು ಕಂಡೆವು. ಚಿತ್ರದಲ್ಲಿ ಕಾಣುವ ಕೂಗು, ಕಿಡಿ, ಕುಣಿತಗಳು ಇಲ್ಲಿಯೂ ಉಂಟು; ಆದರೆ ರಾತ್ರಿಯ ಬಹುಪಾಲು ಸಾಗುವುದು ಇಂತಹ ಮಾತುಕತೆಯಲ್ಲಿ.

ದೈವಗಳ ಕಥೆಗಳನ್ನು ಕೇಳುತ್ತ ಹೋದಂತೆ ಒಂದು ಸಂಗತಿ ಮನಸ್ಸನ್ನು ಕಾಡಿತು. ಕಾರ್ಕಳದಲ್ಲಿ ೧೪೩೨ರಲ್ಲಿ ನಿಂತ ಬಾಹುಬಲಿಯ ಮೂರ್ತಿಯನ್ನು ಕಡೆದ ಶಿಲ್ಪಿ ಕಲ್ಕುಡನ ಒಂದು ಕೈಯನ್ನೂ ಒಂದು ಕಾಲನ್ನೂ, ಅಂತಹ ಕೆಲಸವನ್ನು ಬೇರೆಡೆ ಮಾಡಬಾರದೆಂದು ಅರಸನು ಕಡಿಸಿದನಂತೆ. ಆತನೂ ನ್ಯಾಯ ಕೇಳಿದ ತಂಗಿ ಕಲ್ಲುರ್ಟಿಯೂ ದೈವಗಳಾದರು. ಬಲ್ಲಾಳನ ಅನ್ಯಾಯವನ್ನು ಎದುರಿಸಿದ ಅವಳಿ ವೀರರು ಕೋಟಿ ಚೆನ್ನಯರು. ಅವರಿಗೆ ಇಂದು ಗರಡಿಗಳಿವೆ. ಗುಡಿಯೊಳಗೆ ಪ್ರವೇಶವಿಲ್ಲದ ಕೊರಗ ಸಮುದಾಯದ ಹುಡುಗ ತನಿಯನು ಮಾಯವಾಗಿ ಕೊರಗಜ್ಜನಾದನು. ಎಲ್ಲ ಜಾತಿಯವರೂ ಇಂದು ಆತನಿಗೆ ಹರಕೆ ಹೊರುತ್ತಾರೆ. ಬದುಕಿದ್ದಾಗ ನ್ಯಾಯ ಸಿಗದವರು ಸತ್ತ ಮೇಲೆ ನ್ಯಾಯ ಹೇಳುವವರಾದರು. ಈ ದೈವಗಳನ್ನು ಕಟ್ಟುವವರೂ ನಲಿಕೆ, ಪಂಬದ, ಪರವ ಮೊದಲಾದ, ಬಹುಕಾಲ ಅಂಗಳದ ಹೊರಗೇ ನಿಲ್ಲಿಸಲ್ಪಟ್ಟ ಸಮುದಾಯದವರು. ರಾತ್ರಿ ಯಾರ ಮುಂದೆ ಊರೇ ಕೈಮುಗಿಯಿತೋ ಅವರೇ ಬೆಳಗಾದ ಮೇಲೆ ಕೂಲಿಗೆ ಹೋಗಬೇಕಾದ ಸ್ಥಿತಿ ಹಲವರದು. ಚಿತ್ರದ ಯಶಸ್ಸಿನ ಬೆನ್ನಿಗೇ, ೨೦೨೨ರ ಅಕ್ಟೋಬರ್‌ನಲ್ಲಿ, ೬೦ ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ ೨,೦೦೦ ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು. ಚಲನಚಿತ್ರದಿಂದ ಆದ ಉಪಕಾರಗಳಲ್ಲಿ ಇದನ್ನು ಎಣಿಸಲೇಬೇಕು.

ಅಪಕಾರವೂ ಆಯಿತು. ಚಿತ್ರಮಂದಿರಗಳಲ್ಲಿ ಪ್ರೇಕ್ಷಕರು ದೈವದ ವೇಷ ತೊಟ್ಟು ಬಂದು ಕೂಗಾಡಿದರು. ಮದುವೆ, ಮೆರವಣಿಗೆಗಳಲ್ಲಿ ಅದು ಮನರಂಜನೆಯಾಯಿತು. ಕರಾವಳಿಯ ದೈವಾರಾಧಕರು ನೊಂದು ಆಕ್ಷೇಪಿಸಿದರು. ೨೦೨೫ರ ಅಕ್ಟೋಬರ್‌ನಲ್ಲಿ ಚಿತ್ರದ ನಿರ್ಮಾಣ ಸಂಸ್ಥೆಯೇ ದೈವದ ಅನುಕರಣೆ ಬೇಡವೆಂದು ಜನರಲ್ಲಿ ಬಹಿರಂಗವಾಗಿ ವಿನಂತಿಸಿಕೊಳ್ಳಬೇಕಾಯಿತು. ನೇಮದ ಮನೆಯ ಯಜಮಾನರು ಈ ಮಾತು ಬಂದಾಗ ಕೋಪಿಸಿಕೊಳ್ಳಲಿಲ್ಲ. 'ನಿಮ್ಮ ಮನೆಯ ದೇವರ ಪೆಟ್ಟಿಗೆಯನ್ನು ಯಾರಾದರೂ ವೇದಿಕೆಯ ಮೇಲೆ ತೆರೆದಿಟ್ಟು ಕುಣಿದರೆ ನಿಮಗೆ ಹೇಗಾಗುತ್ತದೆ?' ಎಂದಷ್ಟೇ ಕೇಳಿದರು.

ಮರಳುವ ದಾರಿಯಲ್ಲಿ ನಮ್ಮವರಲ್ಲಿಯೇ ಒಂದು ಚರ್ಚೆ ನಡೆಯಿತು. ಕೊರಳಲ್ಲಿ ಇಷ್ಟಲಿಂಗ ಧರಿಸಿದವರು ಇಂತಹ ಕಡೆ ಹೋಗಬಹುದೇ, ಕೋಳಿಯ ಬಲಿಯುಂಟೆಂಬ ಸೇವೆಯನ್ನು ನೋಡಬಹುದೇ ಎಂದು ಕೆಲವರು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಹನ್ನೆರಡನೆಯ ಶತಮಾನದ ಶರಣರು ಕ್ಷುದ್ರದೈವಗಳ ಭಯವನ್ನೂ ಪ್ರಾಣಿಬಲಿಯನ್ನೂ ಒಪ್ಪಲಿಲ್ಲ; ನಮ್ಮ ಮನೆಗಳ ಆಚಾರವೂ ಹಾಗೆಯೇ ಬಂದಿದೆ, ಅದನ್ನು ಬಿಡಬೇಕೆಂದು ಯಾರೂ ಹೇಳಿಲ್ಲ. ಆದರೆ ಅದೇ ಶರಣರು ಹುಟ್ಟಿನಿಂದ ಕೀಳಾದವರು ಯಾರೂ ಇಲ್ಲವೆಂದವರು, ಅಂಗಳದಾಚೆ ನಿಂತವರನ್ನು ಒಳಗೆ ಕರೆದವರು. ಗೌರವದಿಂದ ನೋಡುವುದಕ್ಕೂ ಅನುಸರಿಸುವುದಕ್ಕೂ ವ್ಯತ್ಯಾಸವಿದೆ. ನಾವು ಆಚರಿಸದ ಸೇವೆಯನ್ನು ಹಾಸ್ಯಕ್ಕೂ ಮೋಜಿಗೂ ಬಳಸದಿರುವುದು ನಮ್ಮ ಆಚಾರಕ್ಕೆ ಕುಂದು ತರುವುದಿಲ್ಲವೆಂದು ಹಿರಿಯರೊಬ್ಬರು ಹೇಳಿದ್ದನ್ನು ಎಲ್ಲರೂ ಒಪ್ಪಿದೆವು.

ಊರಿಗೆ ಬಂದ ಮೇಲೆ ನಮ್ಮ ಸೀಮೆಯೇ ಬೇರೆಯಾಗಿ ಕಾಣತೊಡಗಿತು. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳು ತುಳುನಾಡಿನ ನಾಗಬನಗಳನ್ನು ನೆನಪಿಸಿದವು. ಅದೇ ಊರಿನಲ್ಲಿ ೧೯೩೮ರ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗುಂಡು ಹಾರಿಸಲಾಯಿತು. ಮಡಿದವರ ನೆನಪಿನ ಸ್ಮಾರಕ ಅಲ್ಲಿದೆ. ಅನ್ಯಾಯದಿಂದ ಸತ್ತವರನ್ನು ಮರೆಯಬಾರದೆಂಬ ಭಾವ ಅಲ್ಲಿಯೂ ಇಲ್ಲಿಯೂ ಒಂದೇ. ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಊರ ಹೊರಗಿನ ಗಂಗಮ್ಮ, ಮಾರಮ್ಮರ ಗುಡಿಗಳಿಗೆ ಹೆಣ್ಣುಮಕ್ಕಳು ತಂಬಿಟ್ಟಿನ ದೀಪ ಹೊತ್ತು ಸಾಗುವಾಗ ಮುಂದೆ ನಡೆಯುವುದು ತಮಟೆ. ಆ ತಮಟೆಯ ಕಲಾವಿದರಾದ, ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಬಂದಿತು. ತಮಟೆಯನ್ನು ದೇವರ ಮುಂದೆ ನಡೆಸಿ, ಬಾರಿಸಿದವರನ್ನು ಹಿಂದೆ ನಿಲ್ಲಿಸುವ ಪದ್ಧತಿ ನಮ್ಮ ಊರುಗಳಲ್ಲಿ ಪೂರ್ತಿ ಹೋಗಿದೆಯೇ ಎಂಬುದನ್ನು ನಾವು ನಾವೇ ಕೇಳಿಕೊಳ್ಳಬೇಕು.

ಇನ್ನು ನಮ್ಮ ಮನೆಗಳದೇ ಆದ ವೀರಭದ್ರನ ಗುಗ್ಗುಳ, ವೀರಗಾಸೆಗಳನ್ನು ನೋಡೋಣ. ಕತ್ತಿ ಹಿಡಿದು, ಒಡಪು ಹೇಳುತ್ತ, ದಕ್ಷಯಜ್ಞದ ಕಥೆಯನ್ನು ಕಣ್ಣಮುಂದೆ ತರುವ ವೀರಗಾಸೆಯೂ ಮೂಲದಲ್ಲಿ ಸೇವೆಯೇ. ಇಂದು ಅದು ಸಭೆ ಸಮಾರಂಭಗಳ ಮೆರವಣಿಗೆಯಲ್ಲಿ ಗಣ್ಯರನ್ನು ಸ್ವಾಗತಿಸುವ ಅಲಂಕಾರವಾಗಿಬಿಟ್ಟಿದೆ. ಒಡಪು ಹೇಳಲು ಬಿಡುವು ಕೊಡದೆ ಕುಣಿತವನ್ನಷ್ಟೇ ಬಯಸುವವರೇ ಹೆಚ್ಚು. ನಾಳೆ ಯಾವುದೋ ಚಿತ್ರ ವೀರಗಾಸೆಯನ್ನು ದೇಶವೆಲ್ಲ ನೋಡುವಂತೆ ಮಾಡಿದರೆ, ಅದರ ಅರ್ಥ ಹೇಳಬಲ್ಲವರು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಮಂದಿ ಉಳಿದಿರುತ್ತಾರೆ? ತುಳುವರು 'ಇದು ಆಟ ಅಲ್ಲ' ಎಂದು ಹೇಳಲು ಶಕ್ತರಾದದ್ದು ತಮ್ಮ ಮನೆಯ ಕ್ರಮವನ್ನು ತಾವು ಬಲ್ಲವರಾದ್ದರಿಂದ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಧರ್ಮಸ್ಥಳಕ್ಕೆ ಹೋದಾಗ ಅಣ್ಣಪ್ಪ ಬೆಟ್ಟದ ಕಥೆಯನ್ನು ಮಕ್ಕಳಿಗೆ ಹೇಳಿ. ನೇಮಕ್ಕೆ ಕರೆ ಬಂದರೆ ಹೋಗಿ. ಕರೆಯದ ಕಡೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಶಾಲೆಯ ವೇದಿಕೆಗೆ ದೈವದ ವೇಷ ಬೇಡವೆಂದು ಶಿಕ್ಷಕರಿಗೆ ವಿನಯದಿಂದ ತಿಳಿಸಿ. ಮುಂದಿನ ಸಲ ನಿಮ್ಮ ಮನೆಯ ಮದುವೆಯಲ್ಲಿ ಗುಗ್ಗುಳ ನಡೆದಾಗ, ವೀರಗಾಸೆಯವರನ್ನು ಕೂರಿಸಿ ಉಪಚರಿಸಿ, ಅವರು ಹೇಳುವ ಒಡಪುಗಳನ್ನು ಯಾರಿಂದ ಕಲಿತರೆಂದು ಕೇಳಿ, ಮನೆಯ ಹುಡುಗರಿಂದ ಒಂದು ಪುಸ್ತಕದಲ್ಲಿ ಬರೆಸಿಡಿ.