ಆಗ್ರಾದ ಹಗಲು ಕಿರಿದಾದ ಕತೆ

ದೆಹಲಿಯಿಂದ ಬೆಳಗ್ಗೆ ಹೊರಟು ತಾಜ್ ನೋಡಿಕೊಂಡು ರಾತ್ರಿ ವಾಪಸಾಗುವವರಿಗೆಂದೇ 1964ರಲ್ಲಿ ತಾಜ್ ಎಕ್ಸ್‌ಪ್ರೆಸ್ ಶುರುವಾಯಿತು. ಬೆಳಗ್ಗೆ ಏಳರ ಆಸುಪಾಸಿಗೆ ದೆಹಲಿ ಬಿಟ್ಟರೆ ಹತ್ತರ ಹೊತ್ತಿಗೆ ಆಗ್ರಾ ಕಂಟೋನ್ಮೆಂಟ್. ಸಂಜೆ ಏಳರ ಸುಮಾರಿಗೆ ಅಲ್ಲಿಂದ ಹೊರಟರೆ ರಾತ್ರಿ ಹತ್ತಕ್ಕೆಲ್ಲ ದೆಹಲಿ. ನಡುವೆ ಉಳಿಯುವ ಒಂಬತ್ತು ಗಂಟೆಗಳನ್ನು ನಂಬಿಕೊಂಡು ಆಗ್ರಾದಲ್ಲಿ ನೂರಾರು ಸಂಸಾರಗಳು ಬದುಕುತ್ತಿದ್ದವು. ಗೈಡ್‌ಗಳು, ಟಾಂಗಾದವರು, ಸೈಕಲ್ ರಿಕ್ಷಾದವರು, ತಾಜ್ ಮುಂದೆ ನಿಲ್ಲಿಸಿ ಫೋಟೊ ತೆಗೆಯುವವರು, ಪೇಠಾ ಅಂಗಡಿಯವರು, ಎಲ್ಲರ ಬೋಣಿಯೂ ಆ ರೈಲು ಬಂದ ಮೇಲೆಯೇ.

ಎಂಬತ್ತರ ದಶಕದ ಆರಂಭದಲ್ಲಿ ಸರ್ಕಾರಿ ಬ್ಯಾಡ್ಜ್ ಸಿಕ್ಕಿಸಿಕೊಂಡು ಆ ಪ್ಲಾಟ್‌ಫಾರ್ಮ್‌ಗೆ ಇಳಿದ ಗೈಡ್ ಒಬ್ಬರು ಈಗ ಕೆಲಸದಿಂದ ನಿವೃತ್ತರು. ತಾಜ್‌ನ ದಕ್ಷಿಣಕ್ಕಿರುವ ತಾಜ್‌ಗಂಜ್‌ನ ಗಲ್ಲಿಯಲ್ಲಿ ಅವರ ಮನೆ. ಆಗಿನ ದಿನಗಳ ಬಗ್ಗೆ ಕೇಳಿದರೆ ಅವರು ಮೊದಲು ಹೇಳುವುದು ತಾಜ್ ಬಗ್ಗೆಯಲ್ಲ, ತಮ್ಮ ಬಿಳಿ ಅಂಗಿಯ ಬಗ್ಗೆ. ರೈಲಿಗಾಗಿ ಅರ್ಧ ಗಂಟೆ ಕಾದರೆ ಸಾಕು, ಕಾಲರ್ ಮೇಲೆ ಕಪ್ಪು ಗೆರೆ ಮೂಡುತ್ತಿತ್ತಂತೆ. ಯಾರ್ಡ್‌ನಲ್ಲಿ ಗಾಡಿ ಜೋಡಿಸುತ್ತಿದ್ದ ಉಗಿ ಎಂಜಿನ್‌ಗಳ ಹೊಗೆ ಅದು. ತಾಜ್‌ನ ಅಮೃತಶಿಲೆಗೆ ಯಾವ ಹೊಗೆ ತಗಲುತ್ತಿದೆ ಎಂದು ಪರಿಶೀಲಿಸಿ 1978ರಲ್ಲಿ ವರದಿ ಕೊಟ್ಟ ವರದರಾಜನ್ ಸಮಿತಿಯ ಪಟ್ಟಿಯಲ್ಲಿ ಎರಡು ವಿದ್ಯುತ್ ಸ್ಥಾವರಗಳು ಮತ್ತು ಕಬ್ಬಿಣ ಎರಕದ ಕುಲುಮೆಗಳ ಜೊತೆಗೆ ರೈಲ್ವೆ ಯಾರ್ಡ್ ಕೂಡ ಇತ್ತು. ತಾಜ್ ತೋರಿಸಲು ಜನರನ್ನು ಕರೆತರುತ್ತಿದ್ದ ರೈಲ್ವೆಯೇ ಅದಕ್ಕೆ ಮಸಿ ಬಳಿಯುತ್ತಲೂ ಇತ್ತು.

ರೈಲಿಗೂ ಆಗ್ರಾಕ್ಕೂ ಹಳೆಯ ಲೆಕ್ಕ ಇನ್ನೊಂದಿದೆ. ಕೋಟೆಯ ದೆಹಲಿ ದರವಾಜೆಗೂ ಜಾಮಾ ಮಸೀದಿಗೂ ನಡುವೆ ತ್ರಿಪೋಲಿಯಾ ಎಂಬ ಎಂಟು ಮೂಲೆಯ ಚೌಕವಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಅದನ್ನು ಕೆಡವಿ ಆಗ್ರಾ ಫೋರ್ಟ್ ನಿಲ್ದಾಣ ಕಟ್ಟಿದರು. ಕೋಟೆಯ ಎದುರು ಗುಂಪನ್ನು ನಿಲ್ಲಿಸಿದಾಗ ಈ ಗೈಡ್ ಮೊದಲು ತೋರಿಸುತ್ತಿದ್ದುದು ಅಲ್ಲಿ ಈಗ ಇಲ್ಲದ ಆ ಚೌಕವನ್ನೇ.

ತಾಜ್ ಎಕ್ಸ್‌ಪ್ರೆಸ್‌ನ ಕಾಲದಲ್ಲಿ ದಿನದ ನಕಾಶೆ ಹೆಚ್ಚುಕಡಿಮೆ ಒಂದೇ. ಉತ್ತರ ಪ್ರದೇಶದ ಪ್ರವಾಸೋದ್ಯಮ ನಿಗಮದ ಬಸ್ಸು ರೈಲಿನ ವೇಳೆಗೆ ಸರಿಯಾಗಿ ನಿಲ್ದಾಣದ ಹೊರಗೆ ಬಂದು ನಿಲ್ಲುತ್ತಿತ್ತು. ಒಂದೇ ಟಿಕೆಟ್‌ಗೆ ಸುಮಾರು ನಲವತ್ತು ಕಿಲೋಮೀಟರ್ ದೂರದ ಫತೇಪುರ್ ಸಿಕ್ರಿ, ಊರೊಳಗಿನ ಕೋಟೆ, ಕೊನೆಗೆ ತಾಜ್. ಬಸ್ಸು ಹತ್ತದವರು ಟ್ಯಾಕ್ಸಿಯನ್ನೋ ಟಾಂಗಾವನ್ನೋ ಹಿಡಿದು ಗೈಡ್ ಮಾಡಿಕೊಳ್ಳುತ್ತಿದ್ದರು. ಸಿಕ್ರಿಯ ದಾರಿಯಲ್ಲಿ ಮುಕ್ಕಾಲು ಗಂಟೆಗೂ ಮೀರಿ ಸುಮ್ಮನೆ ಕೂರುವಂತಿರಲಿಲ್ಲ, ಏನಾದರೂ ಹೇಳಲೇಬೇಕು. ಹಾಗಾಗಿ ಅಕ್ಬರ್ 1571ರಲ್ಲಿ ರಾಜಧಾನಿಯನ್ನು ಅಲ್ಲಿಗೆ ಒಯ್ದು 1585ರಲ್ಲಿ ಬಿಟ್ಟು ಹೋದ ಕತೆ, ಸಲೀಂ ಚಿಶ್ತಿಯ ದರ್ಗಾ, ಕೆಂಪು ಮರಳುಗಲ್ಲಿನ ಗಣಿಗಳು ಎಲ್ಲವೂ ಬಸ್ಸಿನಲ್ಲೇ ಮುಗಿಯುತ್ತಿದ್ದವು. ಸಂಜೆ ತಾಜ್ ಮುಂದೆ ನಿಲ್ಲುವ ಹೊತ್ತಿಗೆ ಗುಂಪಿನವರಿಗೆ ಮೂರು ತಲೆಮಾರಿನ ಅರಸರ ಪರಿಚಯವಾಗಿರುತ್ತಿತ್ತು.

ತಾಜ್‌ನಲ್ಲೂ ಗೈಡ್‌ಗಳಿಗೆ ತಮ್ಮವೇ ಆದ ಕೈಚಳಕಗಳಿದ್ದವು. ಮುಖ್ಯ ದ್ವಾರದ ನೆರಳಲ್ಲಿ ಎಲ್ಲರನ್ನೂ ನಿಲ್ಲಿಸಿ ನಿಧಾನಕ್ಕೆ ಮುಂದೆ ನಡೆಸುವುದು ಒಂದು. ಹತ್ತಿರ ಹೋದಷ್ಟೂ ಕಟ್ಟಡ ಹಿಂದೆ ಸರಿದು ಚಿಕ್ಕದಾದಂತೆ ಕಾಣುತ್ತದೆ, ಮಕ್ಕಳು ಹೋ ಎನ್ನುತ್ತಾರೆ. ಅಮಾನತ್ ಖಾನ್ ಬರೆದ ಕಪ್ಪು ಅಕ್ಷರಗಳು ಕಮಾನಿನ ಮೇಲೂ ಕೆಳಗೂ ಒಂದೇ ಗಾತ್ರವಿದ್ದಂತೆ ಕಾಣುವುದೇಕೆ ಎಂದು ಕೇಳಿ ಉತ್ತರಕ್ಕೆ ಕಾಯುವುದು ಇನ್ನೊಂದು. ಅಮೃತಶಿಲೆಯಲ್ಲಿ ಕೂರಿಸಿದ ಕೆಂಪು ಕಾರ್ನೀಲಿಯನ್ ಹರಳಿಗೆ ಟಾರ್ಚ್ ಹಿಡಿದರೆ ಹೂವಿನ ದಳ ಕೆಂಡದಂತೆ ಹೊತ್ತಿಕೊಳ್ಳುತ್ತಿತ್ತು.

ಕರ್ನಾಟಕದವರನ್ನು ಈ ಗೈಡ್ ದೂರದಿಂದಲೇ ಗುರುತಿಸುತ್ತಿದ್ದರಂತೆ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಆಗ್ರಾ ಕಂಟೋನ್ಮೆಂಟ್‌ನಲ್ಲಿ ನಿಲ್ಲುತ್ತದೆ. ಎಲ್‌ಟಿಸಿ ರಜೆ ಹಾಕಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಟ ಸರ್ಕಾರಿ ನೌಕರರು ಎರಡು ರಾತ್ರಿಯ ಪ್ರಯಾಣ ಮುಗಿಸಿ, ಅವಲಕ್ಕಿ ಚಟ್ನಿಪುಡಿಯ ಡಬ್ಬಗಳ ಸಮೇತ ಇಳಿಯುತ್ತಿದ್ದರು. ಅವರಲ್ಲಿ ವಿಜಯಪುರದ ಕಡೆಯವರಿದ್ದರೆ ಗುಂಬಜದ ಕೆಳಗೆ ಪ್ರಶ್ನೆ ಏಳುವುದು ಖಾತ್ರಿ: ಇದು ದೊಡ್ಡದೋ ನಮ್ಮ ಗೋಲ್ ಗುಂಬಜ್ ದೊಡ್ಡದೋ? ಗೈಡ್ ಉತ್ತರ ಕಲಿತಿದ್ದರು. 44 ಮೀಟರ್ ಹೊರವ್ಯಾಸದ ಗೋಲ್ ಗುಂಬಜ್‌ನ ಮುಂದೆ ತಾಜ್‌ನ ಗುಂಬಜ ಚಿಕ್ಕದು, ಎರಡೂ ಹದಿನೇಳನೇ ಶತಮಾನದ ನಡುವಿನಲ್ಲಿ ಹತ್ತಿರ ಹತ್ತಿರದ ವರ್ಷಗಳಲ್ಲಿ ಎದ್ದವು. ಹಾಗೆ ಹೇಳಿದ ಮೇಲೆ ಭಕ್ಷೀಸು ಧಾರಾಳವಾಗುತ್ತಿತ್ತು ಎಂದು ಅವರು ನಗುತ್ತಾರೆ.

1988ರಲ್ಲಿ ನೆಹರೂ ಜನ್ಮಶತಾಬ್ದಿಯ ನೆನಪಿಗೆ ದೇಶದ ಮೊದಲ ಶತಾಬ್ದಿ ಎಕ್ಸ್‌ಪ್ರೆಸ್ ಇದೇ ಮಾರ್ಗದಲ್ಲಿ ಓಡಿತು. ದೆಹಲಿಯಿಂದ ಝಾನ್ಸಿವರೆಗೆ, ಆಮೇಲೆ ಭೋಪಾಲ್‌ವರೆಗೆ. ಬೆಳಗ್ಗೆ ಆರಕ್ಕೆ ಹೊರಟು ಎಂಟಕ್ಕೆಲ್ಲ ಆಗ್ರಾ, ಸೀಟಿಗೇ ತಿಂಡಿ. ಇಳಿಯುವವರೂ ಬದಲಾದರು. ಎಸಿ ಬೋಗಿಯಿಂದ ಇಳಿದವರ ಕೈಯಲ್ಲಿ ದೆಹಲಿಯ ಏಜೆನ್ಸಿ ಕೊಟ್ಟ ಕಾಗದ. ಹೊರಗೆ ಅವರ ಹೆಸರು ಬರೆದ ಹಲಗೆ ಹಿಡಿದ ಡ್ರೈವರ್. ಪ್ಲಾಟ್‌ಫಾರ್ಮ್‌ನಲ್ಲಿ ಮಾತಾಡಿಸಿ ಗಿರಾಕಿ ಗಿಟ್ಟಿಸಿಕೊಳ್ಳುವ ಕಾಲ ಅಲ್ಲಿಂದ ಹಿಂದೆ ಸರಿಯಿತು. ಗೈಡ್‌ಗೆ ದಿನದ ಕೆಲಸ ಹಿಂದಿನ ರಾತ್ರಿಯೇ ಫೋನಿನಲ್ಲಿ ಗೊತ್ತಾಗತೊಡಗಿತು.

ಪ್ಲಾಟ್‌ಫಾರ್ಮ್ ಬಿಡದೆ ಉಳಿದವರು ಲಪ್ಕಾಗಳು. ಬ್ಯಾಡ್ಜ್ ಇಲ್ಲದೆ ಪ್ರವಾಸಿಗರ ಬೆನ್ನು ಬೀಳುವ ದಲ್ಲಾಳಿಗಳನ್ನು ಆಗ್ರಾದಲ್ಲಿ ಕರೆಯುವುದು ಹಾಗೆ. ಚುರುಕಿನವರು ಮಥುರಾದಲ್ಲೇ ರೈಲು ಹತ್ತಿ, ಆಗ್ರಾ ಬರುವಷ್ಟರಲ್ಲಿ ಸ್ನೇಹ ಬೆಳೆಸಿ, ಇಳಿದವರನ್ನು ಸೀದಾ ಅಂಗಡಿಗೆ ಒಯ್ಯುತ್ತಿದ್ದರು. ಅಂಗಡಿಯ ಕಮಿಷನ್ ಗೈಡ್‌ನ ದಿನಗೂಲಿಗಿಂತ ದೊಡ್ಡದಾದಾಗ ಬ್ಯಾಡ್ಜ್ ಇದ್ದವರಲ್ಲೂ ಕೆಲವರು ಅದೇ ದಾರಿ ಹಿಡಿದರು. ಅಮೃತಶಿಲೆಯಲ್ಲಿ ಹರಳು ಕೂರಿಸುವ ಪಚ್ಚೀಕಾರಿ ಕೆಲಸದ ಅಂಗಡಿಗಳಲ್ಲಿ ಮಕರಾನಾ ಅಮೃತಶಿಲೆಯೆಂದು ಬಳಪದ ಕಲ್ಲು ಮಾರುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಈ ಗೈಡ್ ತಮ್ಮ ಗುಂಪಿಗೆ ಪರೀಕ್ಷೆ ಕಲಿಸಿಬಿಡುತ್ತಿದ್ದರು: ಟಾರ್ಚ್ ಹಿಡಿಯಿರಿ, ಬೆಳಕು ಒಳಗಿಳಿದರೆ ಅಮೃತಶಿಲೆ, ಉಗುರಿಗೆ ಪುಡಿ ಬಂದರೆ ಬಳಪದ ಕಲ್ಲು. ಅಂಗಡಿಯವರಿಗೆ ಅವರು ಬೇಡವಾದರು.

ಊರಿನ ರೂಪ ಬದಲಿಸಿದ್ದು 1996ರ ಡಿಸೆಂಬರ್ 30ರ ಸುಪ್ರೀಂ ಕೋರ್ಟ್ ತೀರ್ಪು. ವಕೀಲ ಎಂ. ಸಿ. ಮೆಹ್ತಾ ಹೂಡಿದ್ದ ದಾವೆಯಲ್ಲಿ, ತಾಜ್ ಸುತ್ತಲಿನ 10,400 ಚದರ ಕಿಲೋಮೀಟರ್ ವಲಯದ 292 ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು ಎಂದಿತು ಕೋರ್ಟು. ತಾಜ್‌ನಿಂದ 500 ಮೀಟರ್ ಒಳಗೆ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆ ತಡೆ ಬಿತ್ತು. ಬ್ಯಾಟರಿ ಬಸ್ಸುಗಳು ಬಂದವು, ಕಾರುಗಳು ಶಿಲ್ಪಗ್ರಾಮದ ಪಾರ್ಕಿಂಗ್‌ನಲ್ಲಿ ನಿಂತವು. ಬೂದುಗುಂಬಳದ ಪೇಠಾ ಬೇಯಿಸುವ ನೂರಿ ದರವಾಜಾದ ಗಲ್ಲಿಗಳಲ್ಲೂ ಕಲ್ಲಿದ್ದಲಿನ ಒಲೆಗಳ ಬಗ್ಗೆ ಜಗಳ ಹತ್ತಿತು. ಕುಲುಮೆ ಮುಚ್ಚಿದ ಮನೆಗಳ ಹುಡುಗರು ಕೆಲವರು ತಾಜ್‌ನ ಗೇಟಿಗೆ ಬಂದು ನಿಂತರು, ಅದೂ ಬ್ಯಾಡ್ಜ್ ಇಲ್ಲದೆ.

ಆಮೇಲೆ ಬಂದದ್ದು ವೇಗ. 2012ರ ಆಗಸ್ಟ್‌ನಲ್ಲಿ 165 ಕಿಲೋಮೀಟರ್ ಉದ್ದದ ಯಮುನಾ ಎಕ್ಸ್‌ಪ್ರೆಸ್‌ವೇ ತೆರೆಯಿತು. ದೆಹಲಿಯ ಹೋಟೆಲಿನಿಂದ ನಸುಕಿನಲ್ಲಿ ಹೊರಟ ಕಾರು ತಾಜ್ ನೋಡಿಸಿ ಮಧ್ಯಾಹ್ನದ ಊಟಕ್ಕೆ ವಾಪಸ್ ಹೊರಡುವುದು ಸಾಧ್ಯವಾಯಿತು. ರೈಲ್ವೆಯ ಉತ್ತರ 2016ರ ಏಪ್ರಿಲ್ 5ರಂದು ಓಡಿದ ಗತಿಮಾನ್ ಎಕ್ಸ್‌ಪ್ರೆಸ್: ಗಂಟೆಗೆ 160 ಕಿಲೋಮೀಟರ್ ವೇಗ, ಹಜರತ್ ನಿಜಾಮುದ್ದೀನ್‌ನಿಂದ ಆಗ್ರಾದವರೆಗಿನ 188 ಕಿಲೋಮೀಟರ್‌ಗೆ 100 ನಿಮಿಷ. ತಾಜ್‌ಗೆ ಶುಕ್ರವಾರ ರಜೆಯಾದ್ದರಿಂದ ಈ ರೈಲೂ ಶುಕ್ರವಾರ ಓಡುವುದಿಲ್ಲ.

ದಾರಿ ಕಿರಿದಾದರೆ ಊರಿಗೆ ಹೆಚ್ಚು ಹೊತ್ತು ಸಿಗಬೇಕಿತ್ತು. ಆದದ್ದು ಉಲ್ಟಾ. ಬೇಗ ತಲುಪಬಹುದೆಂದು ಗೊತ್ತಾದವರು ಬೇಗ ಹೊರಡುವುದನ್ನೂ ಕಲಿತರು. ಮೊದಲು ಬಿದ್ದುಹೋದದ್ದು ಸಿಕ್ರಿ. ಆಮೇಲೆ ಕೋಟೆ ಒಂದು ಗಂಟೆಗೆ ಇಳಿಯಿತು. ನೂರ್ ಜಹಾನ್ ತನ್ನ ತಂದೆಗಾಗಿ ಕಟ್ಟಿಸಿದ, ಪಚ್ಚೀಕಾರಿಯಲ್ಲಿ ತಾಜ್‌ಗೆ ಮುನ್ನುಡಿಯಂತಿರುವ ಎತ್ಮಾದುದ್ದೌಲಾ ಗೋರಿ ಯಮುನೆಯ ಆಚೆ ದಡದಲ್ಲಿದ್ದ ತಪ್ಪಿಗೆ ಪಟ್ಟಿಯಿಂದಲೇ ಜಾರಿತು. 2018ರಿಂದ ತಾಜ್‌ನ ಟಿಕೆಟ್‌ಗೂ ಮೂರು ಗಂಟೆಯ ಮಿತಿ. ಆ ವರ್ಷದ ಕೊನೆಗೆ ಮುಖ್ಯ ಗೋರಿಯ ಒಳಹೋಗಲು 200 ರೂಪಾಯಿ ಬೇರೆ. ರಾತ್ರಿ ವೀಕ್ಷಣೆಯನ್ನು 2004ರಲ್ಲಿ ಮತ್ತೆ ಶುರುಮಾಡಿದರೂ ಅದು ಹುಣ್ಣಿಮೆಯ ಆಸುಪಾಸಿನ ಐದು ರಾತ್ರಿಗಳಿಗೆ ಮಾತ್ರ. ಟಿಕೆಟನ್ನು ಹಿಂದಿನ ದಿನವೇ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಕೊಳ್ಳಬೇಕಿತ್ತು. ಸಂಜೆ ರೈಲು ಹಿಡಿಯುವವರಿಗೆ ಅದು ಸಿಗುವ ಮಾತೇ ಇರಲಿಲ್ಲ.

2020ರ ಮಾರ್ಚ್ 17ರಂದು ತಾಜ್‌ನ ಬಾಗಿಲು ಮುಚ್ಚಿತು. ತೆರೆದದ್ದು ಸೆಪ್ಟೆಂಬರ್ 21ಕ್ಕೆ. ಆ ಆರು ತಿಂಗಳಲ್ಲಿ ಫ್ರೆಂಚ್, ಜಪಾನಿ ಭಾಷೆ ಕಲಿತಿದ್ದ ಗೈಡ್‌ಗಳು ತರಕಾರಿ ಮಾರಿದ್ದನ್ನು ತಾಜ್‌ಗಂಜ್‌ನ ಆ ನಿವೃತ್ತ ಗೈಡ್ ಕಂಡಿದ್ದಾರೆ. ಕೆಲವರು ಕಸುಬಿಗೆ ಮರಳಲೇ ಇಲ್ಲ. ಮರಳಿದವರ ಎದುರು ಬೇರೆ ಬಗೆಯ ಗಿರಾಕಿ ನಿಂತಿದ್ದ: ತಾಜ್ ಕಟ್ಟಿದವರ ಕೈ ಕತ್ತರಿಸಿದರೆಂಬ ಕತೆಯನ್ನೂ ನದಿಯಾಚೆ ಕಪ್ಪು ತಾಜ್ ಕಟ್ಟಲು ಹೊರಟಿದ್ದರೆಂಬ ಕತೆಯನ್ನೂ ಮೊಬೈಲ್‌ನಲ್ಲಿ ನೋಡಿಯೇ ಬಂದವನು. ಕಪ್ಪು ತಾಜ್‌ನ ಸುದ್ದಿ ಹಬ್ಬಿಸಿದ್ದು ಹದಿನೇಳನೇ ಶತಮಾನದ ಫ್ರೆಂಚ್ ವ್ಯಾಪಾರಿ ಟಾವೆರ್ನಿಯೆ. ತೊಂಬತ್ತರ ದಶಕದಲ್ಲಿ ಎದುರು ದಡದ ಮೆಹ್ತಾಬ್ ಬಾಗ್ ಅಗೆದಾಗ ಸಿಕ್ಕಿದ್ದು ಕಪ್ಪು ಗೋರಿಯ ಪಾಯವಲ್ಲ, ತಾಜ್‌ನ ಪ್ರತಿಬಿಂಬ ಮೂಡುತ್ತಿದ್ದ ಎಂಟು ಮೂಲೆಯ ದೊಡ್ಡ ಕೊಳ. ಇದನ್ನು ವಿವರಿಸಲು ಹತ್ತು ನಿಮಿಷ ಬೇಕು. ಸೆಲ್ಫಿಗಳ ನಡುವೆ ಅಷ್ಟು ಸಿಗುವುದು ಕಷ್ಟ.

ಈಚೆಗೆ ಒಂದಿಷ್ಟು ತಿರುವು ಕಾಣುತ್ತಿದೆ. 2024ರ ಮಾರ್ಚ್‌ನಲ್ಲಿ ಆಗ್ರಾ ಮೆಟ್ರೊದ ಮೊದಲ ಆರು ಕಿಲೋಮೀಟರ್ ತೆರೆದು, ತಾಜ್‌ನ ಪೂರ್ವ ದ್ವಾರದ ಕಡೆಯಿಂದ ಕೋಟೆಗೆ ಮೆಟ್ರೊದಲ್ಲೇ ಹೋಗಬಹುದಾಗಿದೆ. ಉಳಿದ ಹೊತ್ತನ್ನು ಹೊಸ ಗೈಡ್‌ಗಳು ನದಿಯ ಆಚೆ ದಡಕ್ಕೆ ಮಾರುತ್ತಿದ್ದಾರೆ: ಮೊದಲು ಎತ್ಮಾದುದ್ದೌಲಾ, ನಂತರ ಕೋಟೆ, ತಾಜ್, ಇಳಿಹೊತ್ತಿಗೆ ಮೆಹ್ತಾಬ್ ಬಾಗ್. ತೊಡಕು ಇಷ್ಟೇ, ಗತಿಮಾನ್ ಆಗ್ರಾ ಬಿಡುವುದು ಸಂಜೆ ಆರಕ್ಕೆ ಮುಂಚೆ. ಬೇಸಿಗೆಯಲ್ಲಿ ಆಗಿನ್ನೂ ಸೂರ್ಯ ಮೇಲೇ ಇರುತ್ತಾನೆ. ಅದಕ್ಕೆ ಅವರೊಂದು ಉಪಾಯ ಹೂಡಿದ್ದಾರೆ. ದೆಹಲಿಯಿಂದ ಫೋನ್ ಮಾಡುವ ಗಿರಾಕಿಗೆ ಮೊದಲೇ ಹೇಳಿಬಿಡುತ್ತಾರೆ: ಬರುವಾಗ ಗತಿಮಾನ್‌ಗೆ ಟಿಕೆಟ್ ಮಾಡಿಸಿ, ಹೋಗುವಾಗ ರಾತ್ರಿ ಬರುವ ಶತಾಬ್ದಿಗೆ.