ಖಾತೆಪುಸ್ತಕದಲ್ಲಿ ಮೂಕಪ್ರಾಣಿ

ಸೊಲ್ಲಾಪುರದ ಪೇಟೆಯಲ್ಲಿ ಚಾದರ ಮತ್ತು ಟವೆಲು ಮಾರುವುದು ನನ್ನ ಉದ್ಯೋಗ. ಗಿರಣಿಯಲ್ಲಿ ದುಡಿಯುತ್ತಿದ್ದ ತಂದೆಯವರು, ಗಿರಣಿ ಬಾಗಿಲು ಹಾಕಿದ ಮೇಲೆ, ಹತ್ತು ಅಡಿ ಅಗಲದ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು ಆರಂಭಿಸಿದ ವ್ಯಾಪಾರವಿದು. ಮನೆಯಲ್ಲಿ ಕನ್ನಡ, ಗಿರಾಕಿಯೊಡನೆ ಮರಾಠಿ, ಮಗ್ಗದವರೊಡನೆ ತೆಲುಗು. ಹೀಗೆ ಮೂರು ಭಾಷೆಗಳಲ್ಲಿ ನಮ್ಮ ದಿನ ಸಾಗುತ್ತದೆ. ಲೆಕ್ಕವನ್ನು ಮಾತ್ರ ತಂದೆಯವರ ಕಾಲದಿಂದಲೂ ಕನ್ನಡದಲ್ಲಿಯೇ ಬರೆಯುತ್ತ ಬಂದಿದ್ದೇವೆ. ಬಲಿಪಾಡ್ಯಮಿಯಂದು ಪೂಜೆಗೊಳ್ಳುವ ಹೊಸ ಖಾತೆಪುಸ್ತಕದಲ್ಲಿ ಮಳಿಗೆಯ ಬಾಡಿಗೆ, ವಿದ್ಯುತ್ತು, ಹಮಾಲಿ, ಸಾಗಣೆ ಎಂಬ ಶೀರ್ಷಿಕೆಗಳ ಸಾಲಿನಲ್ಲಿ ‘ಮೂಕಪ್ರಾಣಿ’ ಎಂಬುದೂ ಒಂದು. ದಾನಧರ್ಮದ ಪುಟದಲ್ಲಿ ಅದಿಲ್ಲ, ಖರ್ಚಿನ ಪುಟದಲ್ಲಿದೆ. ಅದಕ್ಕೊಂದು ಕಾರಣವುಂಟು.

ದಾನವು ಮನಸ್ಸು ಬಂದಾಗ ಕೊಡುವಂಥದು. ಖರ್ಚು ಮನಸ್ಸು ಬಂದರೂ ಬಾರದಿದ್ದರೂ ತೆರಬೇಕಾದದ್ದು. ತಂದೆಯವರು ಅಂಗಡಿಯ ಮಗ್ಗುಲಲ್ಲಿ ಕಲ್ಲಿನ ದೋಣಿಯೊಂದನ್ನಿರಿಸಿ, ಮುಂಜಾನೆ ಬೀಗ ತೆಗೆಯುವ ಮುನ್ನ ಅದಕ್ಕೆ ನೀರು ತುಂಬಿಸುತ್ತಿದ್ದರು. ಬರಗಾಲದಲ್ಲಿ ಟ್ಯಾಂಕರಿನ ನೀರನ್ನು ಕೊಂಡು ಕುಡಿಯುವಾಗಲೂ ಅದು ತಪ್ಪಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಕೆರೆ ಕಟ್ಟಿಸಿದ ಸೊನ್ನಲಿಗೆ ನಮ್ಮದು. ಕೆರೆಗೆ ಬಂದವರಿಗೆ ಎರಡು ಕಾಲೋ ನಾಲ್ಕು ಕಾಲೋ ಎಂದು ಎಣಿಸುವ ಪದ್ಧತಿ ಈ ಊರಿನದಲ್ಲ ಎಂಬುದು ಅವರ ಮಾತಾಗಿತ್ತು.

ಚಾದರದ ವ್ಯಾಪಾರಕ್ಕೆ ಚಳಿಗಾಲವೇ ಸುಗ್ಗಿ. ಆ ತಿಂಗಳುಗಳಲ್ಲಿ ನಮೂನೆಯ ಗಂಟನ್ನು ಹೊತ್ತು ವಿಜಯಪುರ, ಕಲಬುರಗಿ, ಹುಬ್ಬಳ್ಳಿ, ಹೈದರಾಬಾದುಗಳನ್ನು ಸುತ್ತುವುದು ಮೂವತ್ತು ವರ್ಷಗಳ ರೂಢಿ. ರಸ್ತೆಗಳು ಅಗಲವಾದಂತೆ ನನ್ನ ಪ್ರಯಾಣದ ಗಂಟೆಗಳು ಕಡಿಮೆಯಾದವು. ರಸ್ತೆಯಲ್ಲಿ ಬಿದ್ದಿರುವ ಪ್ರಾಣಿಗಳ ಸಂಖ್ಯೆ ಹೆಚ್ಚಿತು. ವಿಜಯಪುರದತ್ತ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಆಕಳು, ನಾಯಿ, ನರಿ, ಮುಂಗುಸಿ ಎಲ್ಲವನ್ನೂ ಆ ಸ್ಥಿತಿಯಲ್ಲಿ ಕಂಡಿದ್ದೇನೆ. ಎತ್ತಿನ ಗಾಡಿಯ ನಡಿಗೆಗೆ ಒಗ್ಗಿದ ಜೀವಕ್ಕೆ ಗಂಟೆಗೆ ನೂರು ಕಿಲೋಮೀಟರಿನ ವೇಗವು ಎಷ್ಟು ದೂರದಲ್ಲಿದೆಯೆಂದು ತಿಳಿಯುವುದೇ ಇಲ್ಲ.

ನನ್ನ ಸರಕಿಗೂ ಈ ಜೀವಗಳಿಗೂ ಸಂಬಂಧವಿದೆಯೆಂದು ಮೊದಲು ಹೊಳೆದದ್ದು ಹೈದರಾಬಾದಿನಲ್ಲಿ. ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ ಅಲ್ಲಿಯ ಆಕಾಶವೆಲ್ಲ ಗಾಳಿಪಟ. ನೈಲಾನು ಮಾಂಜಾದ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿಯೇ ನಿಷೇಧಿಸಿದ್ದರೂ ಅದು ಮರಗಳಲ್ಲಿ ತೂಗುತ್ತಲೇ ಇರುತ್ತದೆ. ಹಾಗೆ ಸಿಕ್ಕಿಬಿದ್ದ ಹದ್ದೊಂದನ್ನು ಇಬ್ಬರು ಯುವಕರು ಏಣಿ ಹಾಕಿ ಇಳಿಸುತ್ತಿದ್ದರು. ಹಕ್ಕಿ ಉಗುರು ಚಾಚಿ ಹೋರಾಡುತ್ತಿತ್ತು. ಅವರಲ್ಲೊಬ್ಬ ನನ್ನ ಗಂಟನ್ನು ನೋಡಿ ಒಂದು ಟವೆಲು ಕೇಳಿದ. ತಲೆಯ ಮೇಲೆ ಅದನ್ನು ಹೊದಿಸಿದೊಡನೆ ಹಕ್ಕಿ ಶಾಂತವಾಯಿತು. ಕಣ್ಣಿಗೆ ಕತ್ತಲಾದರೆ ಬೇಟೆಹಕ್ಕಿಯ ಗಾಬರಿ ಇಳಿಯುತ್ತದಂತೆ. ದಾರ ಕತ್ತರಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ವೈದ್ಯರ ಬಳಿಗೊಯ್ದರು. ನಾನು ಮಾರುವ ವಸ್ತುವಿಗೆ ಮೈ ಒರೆಸುವುದಲ್ಲದೆ ಬೇರೆ ಉಪಯೋಗವೂ ಉಂಟೆಂಬುದು ಅಂದು ತಿಳಿಯಿತು.

ಊರಿಗೆ ಮರಳಿ, ನಗರದ ಅಂಚಿನಲ್ಲಿ ಕೆಲವು ತರುಣರು ನಡೆಸುವ ಪ್ರಾಣಿಗಳ ಆಸರೆಮನೆಗೆ ಹೋಗಿ ಅವರ ಅಗತ್ಯವೇನೆಂದು ವಿಚಾರಿಸಿದೆ. ‘ಹತ್ತಿಯ ಬಟ್ಟೆ’ ಎಂದರು. ಬೆನ್ನುಮೂಳೆ ಮುರಿದ ನಾಯಿ ಎದ್ದು ನಿಲ್ಲಲಾರದು. ಗಟ್ಟಿ ನೆಲದ ಮೇಲೆ ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆಯ ಮೇಲಿನ ಚರ್ಮ ಹುಣ್ಣಾಗುತ್ತದೆ. ಹುಣ್ಣಿನಲ್ಲಿ ಹುಳು ಬೀಳುತ್ತದೆ. ಆದ್ದರಿಂದ ಕೆಲವು ತಾಸುಗಳಿಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆಯಾದ ಹಾಸಿಗೆಯನ್ನು ತೆಗೆದು ಒಣಗಿದ್ದನ್ನು ಹಾಸಬೇಕು. ರಸ್ತೆಯಿಂದ ಎತ್ತಿ ತರುವುದು ಅರ್ಧ ಗಂಟೆಯ ಕೆಲಸ, ಮುಂದಿನ ಆರೈಕೆ ನಲವತ್ತು ದಿನಗಳದು. ಎತ್ತಿ ತರುವವರಿಗೆ ಮೆಚ್ಚುಗೆ ದೊರೆಯುತ್ತದೆ. ಹಾಸಿಗೆ ಒಗೆಯುವವರನ್ನು ಯಾರೂ ಕಾಣುವುದಿಲ್ಲ. ನೇಯ್ಗೆಯಲ್ಲಿ ಎಳೆ ತಪ್ಪಿದ, ಬಣ್ಣ ಹತ್ತಿದ ಚಾದರಗಳು ಪ್ರತಿ ಅಂಗಡಿಯಲ್ಲೂ ಇರುತ್ತವೆ. ನಮ್ಮಲ್ಲಿ ಅವು ಈಗ ಅಲ್ಲಿಗೆ ಹೋಗುತ್ತವೆ. ಜೊತೆಗೆ ಔಷಧಕ್ಕೆಂದು ತಿಂಗಳಿಗೊಂದು ಗೊತ್ತಾದ ಮೊತ್ತ.

ಅದೇ ಆಸರೆಮನೆಯಲ್ಲಿ ಹೊಟ್ಟೆಯುಬ್ಬಿ ಎಲುಬು ಕಾಣುತ್ತಿದ್ದ ಆಕಳೊಂದನ್ನು ನೋಡಿದೆ. ಇಂಥ ದನಗಳ ಮೊದಲ ಹೊಟ್ಟೆಯಿಂದ ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಹತ್ತಾರು ಕಿಲೋ ಪ್ಲಾಸ್ಟಿಕ್ಕನ್ನು ಹೊರತೆಗೆದದ್ದುಂಟು. ಗಂಟು ಕಟ್ಟಿದ ಚೀಲದೊಳಗಿನ ಅನ್ನದ ವಾಸನೆಗೆ ದನವು ಚೀಲಸಹಿತ ನುಂಗುತ್ತದೆ. ಅದು ಕರಗದು, ಹೊರಬೀಳದು. ಹೊಟ್ಟೆ ತುಂಬಿರುವಾಗಲೇ ಹಸಿದು ಸಾಯುವ ಮರಣವದು. ಅಂದಿನಿಂದ ಅಂಗಡಿಗೆ ಬರುವ ಚಾದರದ ಹೊದಿಕೆ ಚೀಲಗಳನ್ನು ನಾವು ಕಸಕ್ಕೆ ಹಾಕದೆ, ಕೂಡಿಟ್ಟು ಗುಜರಿಯವರಿಗೆ ಕೊಡುತ್ತೇವೆ.

ಕಾಯದೆಯು ಈ ಭಾರವನ್ನು ಹೊರುವುದೆಂದು ನಂಬುವಂತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯದೆಯಂತೆ, ಪ್ರಾಣಿಯನ್ನು ಹೊಡೆದು ಹಿಂಸಿಸಿದವನಿಗೆ ಮೊದಲ ತಪ್ಪಿಗೆ ದಂಡವು 10 ರೂಪಾಯಿಯಿಂದ 50 ರೂಪಾಯಿ. ನನ್ನ ಅಂಗಡಿಯ ಒಳ್ಳೆಯ ಟವೆಲಿನ ಬೆಲೆ ಅದಕ್ಕಿಂತ ಹೆಚ್ಚು.

ಕಳೆದ ವರ್ಷ ನಮ್ಮ ಓಣಿಯಲ್ಲಿ ಒಂದು ಕಠಿಣ ಪ್ರಸಂಗ ಒದಗಿತು. ಗಿರಾಕಿಯೊಬ್ಬರ ಮಗುವನ್ನು ಬೀದಿನಾಯಿ ಕಚ್ಚಿತು. ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಗಾಯ ತೊಳೆದು, ಆಸ್ಪತ್ರೆಗೆ ಕಳುಹಿಸಿ, ಲಸಿಕೆಯ ಎಲ್ಲ ಸರದಿಗಳೂ ಮುಗಿಯುವವರೆಗೆ ವಿಚಾರಿಸಿದೆವು. ಮಗು ಕ್ಷೇಮವಾಗಿದೆ. ಆದರೆ ಓಣಿಯ ಎಲ್ಲ ನಾಯಿಗಳನ್ನೂ ಹಿಡಿದು ಊರಾಚೆ ಬಿಡಿಸಬೇಕೆಂದು ವ್ಯಾಪಾರಿಗಳು ಅರ್ಜಿಯೊಂದನ್ನು ಸಿದ್ಧಪಡಿಸಿದರು. ನಾನು ಸಹಿ ಹಾಕಲಿಲ್ಲ. ಎದುರಂಗಡಿಯ ಹಿರಿಯರು ನೇರವಾಗಿಯೇ ಕೇಳಿದರು: “ಸಾವ್ಕಾರ್ರ, ನೀವು ನಾಯಿ ಕಡಿಯವ್ರೋ, ಮಂದಿ ಕಡಿಯವ್ರೋ?”

ಆ ಪ್ರಶ್ನೆಯಲ್ಲಿ ಮಗುವಿನ ಅಳು ಇತ್ತು, ಹಗುರವಾಗಿ ಉತ್ತರಿಸುವಂತಿರಲಿಲ್ಲ. ನಾನು ವ್ಯಾಪಾರಿಯ ಭಾಷೆಯಲ್ಲಿಯೇ ಹೇಳಿದೆ. ಕಸದ ರಾಶಿ ಇರುವ ಓಣಿ ಬಹಳ ದಿನ ನಾಯಿಯಿಲ್ಲದೆ ಇರದು. ಇವನ್ನು ಒಯ್ದರೆ ಲಸಿಕೆಯಿಲ್ಲದ, ನಮ್ಮನ್ನರಿಯದ ನಾಯಿಗಳು ಆ ಜಾಗಕ್ಕೆ ಬರುತ್ತವೆ. ಹೆಣ್ಣುನಾಯಿ ಸುಮಾರು 63 ದಿನಗಳಲ್ಲಿ ಈಯುತ್ತದೆ. ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಮರಿಗಳು ಓಡಾಡುತ್ತಿರುತ್ತವೆ. 2023ರ ಸಂತಾನ ನಿಯಂತ್ರಣ ನಿಯಮಗಳು ಹೇಳುವಂತೆ, ಶಸ್ತ್ರಚಿಕಿತ್ಸೆ ಮಾಡಿಸಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಗುರುತಿಗೆ ಕಿವಿಯಂಚು ಕತ್ತರಿಸಿ ಅದೇ ಸ್ಥಳಕ್ಕೆ ಬಿಟ್ಟರೆ ಸಂಖ್ಯೆಯೂ ಇಳಿಯುತ್ತದೆ, ರೋಗದ ಭಯವೂ ಇಳಿಯುತ್ತದೆ. ರೋಗದ ಲಕ್ಷಣ ಕಂಡ ನಾಯಿಯನ್ನು ಬೇರ್ಪಡಿಸಲೇಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಮಂದಿಯ ಕಡೆಯವನಾದ್ದರಿಂದಲೇ ಸಹಿ ಹಾಕಲಿಲ್ಲ ಎಂದೆ.

ಎಲ್ಲರೂ ಒಪ್ಪಲಿಲ್ಲ. ಇಬ್ಬರು ಈಗಲೂ ನನ್ನೊಡನೆ ಮಾತು ಬಿಟ್ಟಿದ್ದಾರೆ. ಉಳಿದವರು ಒಂದು ವರ್ಷದ ಅವಧಿ ಕೊಟ್ಟರು. ಆಸರೆಮನೆಯ ತರುಣರು ಹನ್ನೊಂದು ನಾಯಿಗಳನ್ನು ಚಿಕಿತ್ಸಾಲಯಕ್ಕೆ ಒಯ್ದು ಮರಳಿ ತಂದರು. ಅಂಗಡಿಗಳ ಬಾಗಿಲಲ್ಲಿ, ಮಕ್ಕಳು ಆಡುವೆಡೆಯಲ್ಲಿ ಅನ್ನ ಹಾಕುವುದನ್ನು ನಿಲ್ಲಿಸಿ, ರಾತ್ರಿ ಪೇಟೆ ಮುಚ್ಚಿದ ಮೇಲೆ ಒಂದೇ ಮೂಲೆಯಲ್ಲಿ ಹಾಕುವ ಕಟ್ಟುಪಾಡಾಯಿತು. ಈ ವರ್ಷ ಓಣಿಯಲ್ಲಿ ಮರಿಗಳಿಲ್ಲ.

ಇದೆಲ್ಲದರ ಖರ್ಚು ಅದೇ ಶೀರ್ಷಿಕೆಯ ಕೆಳಗೆ ಬೆಳೆಯಿತು. ಅದೇ ವರ್ಷ ವ್ಯಾಪಾರ ಸೊರಗಿತು. ಅಗ್ಗದ ಪಾಲಿಯೆಸ್ಟರ್ ಕಂಬಳಿಗಳ ಮುಂದೆ ಹತ್ತಿಯ ಚಾದರ ನಿಲ್ಲುವುದು ಕಷ್ಟವಾಗಿದೆ. ಲೆಕ್ಕ ನೋಡುವ ಮಗ ಒಂದು ರಾತ್ರಿ ಪುಸ್ತಕವನ್ನು ನನ್ನ ಮುಂದಿಟ್ಟು, “ಅಪ್ಪಾ, ಧಂದೆ ಕುಂತದ. ಇದೊಂದು ಖಾತೆ ಈ ವರ್ಷ ಮುಚ್ಚೂಣು” ಎಂದ. ಅವನ ಮಾತಿನಲ್ಲಿ ಕಠೋರತೆಯಿರಲಿಲ್ಲ. ಅವನಿಗೂ ಇಬ್ಬರು ಮಕ್ಕಳ ಶಾಲೆಯ ಶುಲ್ಕವಿದೆ. ವಿದ್ಯುತ್ತಿನ ಖಾತೆ ಮುಚ್ಚುವೆಯಾ ಎಂದು ಕೇಳಿದೆ. ಮುಚ್ಚಿದರೆ ದೀಪ ಆರುತ್ತದೆ ಎಂದ. ಇಲ್ಲಿಯೂ ಆರುವುದುಂಟು, ನಮಗೆ ಕಾಣುವುದಿಲ್ಲ ಅಷ್ಟೆ ಎಂದೆ. ಬಹಳ ಹೊತ್ತು ಇಬ್ಬರೂ ಸುಮ್ಮನೆ ಕುಳಿತೆವು. ಕೊನೆಗೆ ಮೊತ್ತ ಅರ್ಧಕ್ಕಿಳಿಯಿತು, ಶೀರ್ಷಿಕೆ ಉಳಿಯಿತು. ಕಡಿಮೆಯಾದ ಅರ್ಧವನ್ನು ತುಂಬಲು ಅವನೇ ಪಕ್ಕದ ನಾಲ್ಕು ಅಂಗಡಿಗಳಿಂದ ಎಳೆ ತಪ್ಪಿದ ಬಟ್ಟೆ ಕೇಳಿ ತರತೊಡಗಿದ್ದಾನೆ.

ಗಡಿಯಾಚೆ ಈಚೆಗಳಲ್ಲಿ ಸಣ್ಣ ಅಂಗಡಿ, ಸಣ್ಣ ಹೊಲ ನಂಬಿ ಬದುಕುವ ವಾಚಕ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೇ. ಹಳೆಯ ಹತ್ತಿ ಸೀರೆ, ಧೋತರಗಳನ್ನು ಒಗೆದು ಹತ್ತಿರದ ಆಸರೆಮನೆಗೆ ತಲುಪಿಸಿರಿ. ದನಕರುಗಳಿಗೆ ಗಾಯವಾದಾಗ 1962ಕ್ಕೆ ಕರೆಮಾಡಿ ಸಂಚಾರಿ ಪಶುವೈದ್ಯರನ್ನು ಕೇಳಿರಿ. ಹೊಲದ ಬಾವಿಗೆ ಕಟ್ಟೆಯಿಲ್ಲದಿದ್ದರೆ ಮುಳ್ಳುಬೇಲಿಯನ್ನಾದರೂ ಹಾಕಿರಿ. ನಾನ್ನಜದ ಹುಲ್ಲುಗಾವಲಿನ ಸುತ್ತ ತಿರುಗುವ ಕೃಷ್ಣಮೃಗಕ್ಕೂ ತೋಳಕ್ಕೂ ಕತ್ತಲಲ್ಲಿ ಬಾವಿ ಕಾಣದು. ಈ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಾಗಿಲ ಬಳಿ ಇಡುವ ನೀರಿನ ಪಾತ್ರೆ ಅಗಲವಾಗಿರಲಿ, ನೆರಳಿನಲ್ಲಿರಲಿ, ಹಕ್ಕಿಗೆ ಕಾಲೂರಲು ಅದರಲ್ಲೊಂದು ಕಲ್ಲಿರಲಿ. ನೀರನ್ನು ದಿನಾಲು ಬದಲಿಸಿರಿ.